ಮುಂಬೈನಲ್ಲಿ ಒಬ್ಬರಿಗೇ ನಾಲ್ಕೈದು ಗಂಟೆ ಸಿಕ್ಕರೆ: ಫೋರ್ಟಾ, ಎಲಿಫೆಂಟಾನಾ, ಮಾಟುಂಗಾನಾ?

ಬೆಳಗ್ಗೆ ರೈಲಿಳಿದು ಬಂದ ಕೆಲಸ ಮುಗಿದಿದೆ. ವಾಪಸ್ ರೈಲು ರಾತ್ರಿಗೆ. ನಡುವೆ ನಾಲ್ಕೈದು ಗಂಟೆ ಖಾಲಿ, ಜೊತೆಗೆ ಯಾರೂ ಇಲ್ಲ. ಇಂಥ ಹೊತ್ತಲ್ಲಿ ಕೆಲವರು ವೇಟಿಂಗ್ ರೂಮಿನಲ್ಲಿ ಫೋನ್ ನೋಡುತ್ತಾ ಕೂತುಬಿಡುತ್ತಾರೆ. ಇನ್ನು ಕೆಲವರು ಟ್ಯಾಕ್ಸಿ ಹಿಡಿದು ಗೇಟ್‌ವೇ, ಹಾಜಿ ಅಲಿ, ಸಿದ್ಧಿವಿನಾಯಕ, ಜುಹೂ ಅಂತ ಒಂದೇ ಉಸಿರಿಗೆ ಎಲ್ಲ ಮುಗಿಸಲು ಹೊರಟು, ಅರ್ಧ ಹೊತ್ತನ್ನು ಟ್ರಾಫಿಕ್‌ನಲ್ಲೇ ಕಳೆದು, ಕೊನೆಗೆ ಸ್ಟೇಷನ್‌ಗೆ ಓಡುತ್ತಾರೆ. ಎರಡೂ ಬೇಡ. ಊರಿನ ಒಂದು ಭಾಗ ಆರಿಸಿಕೊಳ್ಳಿ: ದಕ್ಷಿಣ ತುದಿಯ ಹಳೇ ಫೋರ್ಟ್, ಇಲ್ಲ ಗುಹೆಗಳ ದ್ವೀಪ ಎಲಿಫೆಂಟಾ, ಇಲ್ಲ ದಾದರ್ ಪಕ್ಕದ ಮಾಟುಂಗಾ. ಅದನ್ನಷ್ಟೇ ಕಾಲ್ನಡಿಗೆಯಲ್ಲಿ ಚೆನ್ನಾಗಿ ನೋಡಿ. ಯಾವ ಭಾಗ ಅಂತ ತೀರ್ಮಾನಿಸಲು ನಿಮ್ಮ ಹತ್ತಿರ ಇರುವ ಎರಡು ಸಂಗತಿ ಸಾಕು: ಈಗ ಗಂಟೆ ಎಷ್ಟು, ವಾಪಸ್ ಗಾಡಿ ಎಲ್ಲಿಂದ.

ಮೊದಲು ವಾಪಸ್ ಟಿಕೆಟ್ ನೋಡಿ

ಮುಂಬೈ ಉದ್ದಕ್ಕೆ ಚಾಚಿಕೊಂಡಿರುವ ಊರು. ಹಳೇ ಆಫೀಸುಗಳು, ಕೋರ್ಟು, ಬ್ಯಾಂಕು ಜಾಸ್ತಿ ಇರುವುದು ದಕ್ಷಿಣದ ತುದಿಯಲ್ಲಿ. ಜನ ಇರುವುದು ಉತ್ತರಕ್ಕೆ. ಹಾಗಾಗಿ ಬೆಳಗ್ಗೆ ಲೋಕಲ್ ರೈಲುಗಳು ದಕ್ಷಿಣಕ್ಕೆ ತುಂಬಿ ಬರುತ್ತವೆ, ಸಂಜೆ ಉತ್ತರಕ್ಕೆ ತುಂಬಿ ಹೋಗುತ್ತವೆ. ಈ ಒಂದು ವಿಷಯ ಗೊತ್ತಿದ್ದರೆ ಅರ್ಧ ಪ್ಲಾನ್ ಆದಂತೆಯೇ.

ನಿಮ್ಮ ರೈಲು ಸಿಎಸ್‌ಎಂಟಿಯಿಂದ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, ಹಳೇ ವಿ.ಟಿ.) ಇದ್ದರೆ, ಅಂದರೆ ರಾತ್ರಿಯ ಮಂಗಳೂರು ಅಥವಾ ಗದಗ ಗಾಡಿ ಆದರೆ, ಫೋರ್ಟ್ ಮತ್ತು ಮರೀನ್ ಡ್ರೈವ್ ಕಣ್ಣು ಮುಚ್ಚಿ ಆರಿಸಿ. ರಾತ್ರಿ ನಡೆದೇ ಸ್ಟೇಷನ್‌ಗೆ ಬರಬಹುದು. ಶರಾವತಿ, ಚಾಲುಕ್ಯ ಗಾಡಿಗಳು ಹೊರಡುವುದು ದಾದರ್‌ನಿಂದ. ಅವಕ್ಕೆ ಮಾಟುಂಗಾ ಒಂದೇ ಸ್ಟೇಷನ್ ದೂರ. ಮತ್ಸ್ಯಗಂಧ ಎಲ್‌ಟಿಟಿಯಿಂದ (ಲೋಕಮಾನ್ಯ ತಿಲಕ್ ಟರ್ಮಿನಸ್), ಅಂದರೆ ಕುರ್ಲಾ ಕಡೆಯಿಂದ. ದೂರದ ಉತ್ತರದ ಬೋರಿವಲಿಯಿಂದ ಸಂಜೆ ಬಸ್ ಇದ್ದರಂತೂ ಐದು ಗಂಟೆಗೆ ದಕ್ಷಿಣದ ಚರ್ಚ್‌ಗೇಟ್‌ನಲ್ಲಿ ಇರಲೇಬೇಡಿ. ಐದೂವರೆಯಿಂದ ಎಂಟೂವರೆವರೆಗೆ ಬ್ಯಾಗ್ ಹೊತ್ತುಕೊಂಡು ಉತ್ತರದ ಕಡೆ ಹೋಗುವ ಲೋಕಲ್ ಹತ್ತುವುದು ಅಭ್ಯಾಸ ಇಲ್ಲದವರ ಕೆಲಸ ಅಲ್ಲ. ಫಸ್ಟ್ ಕ್ಲಾಸ್ ಟಿಕೆಟ್ ತೆಗೆದುಕೊಂಡರೂ ಆ ಹೊತ್ತಲ್ಲಿ ನಿಂತೇ ಹೋಗಬೇಕು. ಒಂದೋ ನಾಲ್ಕೂವರೆಯೊಳಗೆ ಹೊರಡಿ, ಇಲ್ಲ ಎಂಟೂವರೆ ದಾಟಿಸಿ.

ಇನ್ನೊಂದು, ಟಿಕೆಟ್‌ನಲ್ಲಿ ಸ್ಟೇಷನ್ ಹೆಸರನ್ನು ಮತ್ತೊಮ್ಮೆ ಓದಿ. ಮುಂಬೈ ಅಂತ ಬರೆದಿದ್ದರೆ ಸಾಲದು, ಯಾವ ಮುಂಬೈ ಅನ್ನುವುದು ಮುಖ್ಯ.

ಲಗೇಜ್ ಇದ್ದರೆ ಸಿಎಸ್‌ಎಂಟಿ, ದಾದರ್‌ನಂಥ ದೊಡ್ಡ ಸ್ಟೇಷನ್‌ಗಳ ಕ್ಲೋಕ್ ರೂಮಿನಲ್ಲಿ ಇಡಿ. ಬ್ಯಾಗಿಗೆ ಬೀಗ ಹಾಕಿರಬೇಕು, ಪ್ರಯಾಣದ ಟಿಕೆಟ್ ಕೇಳುತ್ತಾರೆ. ಒಬ್ಬರೇ ಇರುವಾಗ ಬ್ಯಾಗ್ ನೋಡಿಕೊಳ್ಳಲು ಇನ್ನೊಬ್ಬರಿಲ್ಲ ಅನ್ನುವುದು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ, ಟಾಯ್ಲೆಟ್‌ಗೆ ಹೋಗುವುದಕ್ಕೂ ಕಷ್ಟ. ಭಾರ ಇಳಿಸಿದ ಮೇಲೆಯೇ ಊರು ಕಣ್ಣಿಗೆ ಬೀಳುವುದು.

ಫೋರ್ಟ್: ಮೂರು ಗಂಟೆ ಇದ್ದರೂ ಸಾಕು

ನನ್ನನ್ನು ಕೇಳಿದರೆ ಹತ್ತರಲ್ಲಿ ಏಳು ಜನರಿಗೆ ಇದೇ ಸರಿ. ಮ್ಯೂಸಿಯಂ ಒಂದು ಬಿಟ್ಟರೆ ಟಿಕೆಟ್ ಬೇಡ, ಬುಕಿಂಗ್ ಬೇಡ, ಬೇಸರವಾದರೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಸಿಎಸ್‌ಎಂಟಿಯಿಂದ ಗೇಟ್‌ವೇವರೆಗೆ ಎರಡೂವರೆ ಕಿಲೋಮೀಟರ್ ಆಸುಪಾಸು. ಅಷ್ಟರೊಳಗೆ ಮುಂಬೈ ದೊಡ್ಡ ಊರಾದ ಕಥೆ ಪೂರ್ತಿ ನಿಂತಿದೆ.

ಶುರು ಸ್ಟೇಷನ್‌ನಿಂದಲೇ. ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ವಿನ್ಯಾಸ ಮಾಡಿದ ಈ ಕಟ್ಟಡದ ಕೆಲಸ 1878ರಲ್ಲಿ ಶುರುವಾಗಿ ಮುಗಿಯಲು ಹತ್ತು ವರ್ಷ ಹಿಡಿಯಿತು. 2004ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಳಗಿಂದ ಓಡುವವರಿಗೆ ಅದು ಬರೀ ಸ್ಟೇಷನ್. ರಸ್ತೆ ದಾಟಿ ಎದುರು ನಿಂತು ತಲೆ ಎತ್ತಿದರೆ ಗೋಡೆಯ ಮೇಲಿನ ನವಿಲು, ಕೋತಿ, ಎಲೆ, ಬಳ್ಳಿ ಎಲ್ಲ ಒಂದೊಂದಾಗಿ ಕಾಣುತ್ತವೆ. ಎದುರಿನ ಮಹಾನಗರಪಾಲಿಕೆ ಕಟ್ಟಡವೂ ಅದೇ ಸ್ಟೀವನ್ಸ್ ಅವರದು.

ಅಲ್ಲಿಂದ ಡಿ.ಎನ್. ರೋಡ್ ಹಿಡಿದು ದಕ್ಷಿಣಕ್ಕೆ ನಡೆಯಿರಿ. ಈ ರಸ್ತೆಯ ಕಟ್ಟಡಗಳ ಕೆಳಗೆ ಕಮಾನಿನ ಹಜಾರದಂಥ ಫುಟ್‌ಪಾತ್ ಇದೆ. ಬಿಸಿಲಿಗೂ ಮಳೆಗೂ ತಲೆಯ ಮೇಲೆ ಸೂರು. ಮಳೆಗಾಲದಲ್ಲಿ ಮುಂಬೈಗೆ ಹೋದವರಿಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ಅಲ್ಲಿ ನಡೆದರೇನೇ ಗೊತ್ತಾಗುವುದು. ರಸ್ತೆಯ ಕೊನೆಗೆ ಹುತಾತ್ಮ ಚೌಕ. 1864ರ ಫ್ಲೋರಾ ಫೌಂಟನ್, ಪಕ್ಕದಲ್ಲಿ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಸತ್ತವರ ಸ್ಮಾರಕ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಈ ಭಾಗಕ್ಕೆ ಫೋರ್ಟ್ ಅನ್ನುತ್ತೇವೆ, ಆದರೆ ಕೋಟೆ ಎಲ್ಲೂ ಕಾಣುವುದಿಲ್ಲ. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್ ಕಾಲದಲ್ಲಿ ಕೋಟೆಗೋಡೆ ಕೆಡವಿ ಜಾಗ ಬಿಡಿಸಿದರು. ಅದೇ ಹೊತ್ತಿಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಿತ್ತು. ಮುಂಬೈ ಬಂದರಿನಿಂದ ಹತ್ತಿ ಹಡಗು ತುಂಬಿ ಹೋಯಿತು, ಊರಿಗೆ ಹಣ ಹರಿದು ಬಂತು. ಆ ಹತ್ತಿಯಲ್ಲಿ ನಮ್ಮ ಧಾರವಾಡ ಸೀಮೆಯದೂ ಇತ್ತು. ಆಗ ಧಾರವಾಡ, ಬೆಳಗಾವಿ, ವಿಜಯಪುರ ಎಲ್ಲ ಮುಂಬೈ ಪ್ರಾಂತ್ಯದಲ್ಲೇ ಇದ್ದವು ಅಲ್ವಾ? ಉತ್ತರ ಕರ್ನಾಟಕದವರು ಈ ಬೀದಿಗಳಲ್ಲಿ ಹೊರಗಿನವರ ಹಾಗೆ ಅಳುಕಿ ನಡೆಯಬೇಕಾಗಿಲ್ಲ. ಈ ಕಲ್ಲುಗಳ ಹಿಂದೆ ಅವರ ಎರೆ ಹೊಲಗಳ ಬೆಳೆಯೂ ಇದೆ.

ಹುತಾತ್ಮ ಚೌಕದಿಂದ ಬಲಕ್ಕೆ ತಿರುಗಿ ಹೈಕೋರ್ಟ್ ಪಕ್ಕದಿಂದ ಓವಲ್ ಮೈದಾನಕ್ಕೆ ಹೋಗಿ. ಮೈದಾನದ ಮಧ್ಯೆ ನಿಂತು ಪೂರ್ವಕ್ಕೆ ನೋಡಿದರೆ ಹತ್ತೊಂಬತ್ತನೇ ಶತಮಾನದ ಗೋಥಿಕ್ ಕಟ್ಟಡಗಳ ಸಾಲು. ತಿರುಗಿ ಪಶ್ಚಿಮಕ್ಕೆ ನೋಡಿದರೆ 1930ರ ದಶಕದ ಆರ್ಟ್ ಡೆಕೋ ಮನೆಗಳು, ದುಂಡಗಿನ ಬಾಲ್ಕನಿಗಳು. ಎರಡೂ ಸಾಲು ಸೇರಿಯೇ 2018ರಲ್ಲಿ ಯುನೆಸ್ಕೋ ಪಟ್ಟಿಗೆ ಹೋದವು. ಪೂರ್ವದ ಸಾಲಿನಲ್ಲಿ ಎತ್ತರಕ್ಕೆ ಕಾಣುವುದು ರಾಜಾಬಾಯಿ ಗಡಿಯಾರ ಗೋಪುರ, 1878ರಲ್ಲಿ ಮುಗಿದದ್ದು. ಹತ್ತಿಯ ವ್ಯಾಪಾರದಲ್ಲಿ ದೊಡ್ಡ ದುಡ್ಡು ಮಾಡಿದ ಪ್ರೇಮಚಂದ್ ರಾಯಚಂದ್ ತಮ್ಮ ತಾಯಿಯ ಹೆಸರಿನಲ್ಲಿ ಇದಕ್ಕೆ ಹಣ ಕೊಟ್ಟರು. ಜೈನ ಮನೆತನದ ಆ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ, ಸೂರ್ಯ ಮುಳುಗುವ ಮೊದಲು ಊಟ ಮಾಡಲು ಗಂಟೆಯ ಸದ್ದು ನೆರವಾಗಲಿ ಅಂತ ಕಟ್ಟಿಸಿದರು ಅಂತ ಜನ ಹೇಳುತ್ತಾರೆ. ಭಾನುವಾರ ಬಂದರೆ ಮೈದಾನದ ತುಂಬ ಕ್ರಿಕೆಟ್. ಒಂದರ ಬೌಂಡರಿಯೊಳಗೆ ಇನ್ನೊಂದರ ಪಿಚ್. ಹುಲ್ಲಿನ ಮೇಲೆ ಅರ್ಧ ಗಂಟೆ ಸುಮ್ನೆ ಕೂತುಕೊಳ್ಳಿ, ಯಾರೂ ಏನೂ ಕೇಳುವುದಿಲ್ಲ.

ಅಲ್ಲಿಂದ ಕಾಲಾ ಘೋಡಾ ಹತ್ತಿರ. ಜಹಾಂಗೀರ್ ಆರ್ಟ್ ಗ್ಯಾಲರಿಗೆ ಪ್ರವೇಶ ಉಚಿತ, ಬೆಳಗ್ಗೆ 11ರಿಂದ ಸಂಜೆ 7. ಪಕ್ಕದಲ್ಲೇ ದೊಡ್ಡ ಗುಮ್ಮಟದ ಮ್ಯೂಸಿಯಂ, ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ. ಹಳಬರ ಬಾಯಲ್ಲಿ ಇನ್ನೂ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. ಒಬ್ಬರೇ ಇರುವುದರ ನಿಜವಾದ ಲಾಭ ಸಿಗುವುದು ಇಲ್ಲಿ. ಜೊತೆಗೆ ಜನ ಇದ್ದರೆ ಯಾರಿಗೋ ಹಸಿವು, ಯಾರಿಗೋ ಕಾಲುನೋವು, ಮಕ್ಕಳಿಗೆ ಬೇಸರ. ಒಬ್ಬರೇ ಆದರೆ ಒಂದೇ ಮೂರ್ತಿಯ ಮುಂದೆ ಹತ್ತು ನಿಮಿಷ ನಿಲ್ಲಬಹುದು, ಬೇಡವಾದ ಕೋಣೆಯನ್ನು ತಿರುಗಿಯೂ ನೋಡದೆ ದಾಟಬಹುದು. ಕೆಳಗಿನ ಮಹಡಿಯ ಶಿಲ್ಪಗಳ ವಿಭಾಗಕ್ಕೆ ಮೊದಲು ಹೋಗಿ. ಐಹೊಳೆಯ ಗುಡಿಯ ಛಾವಣಿಯಲ್ಲಿದ್ದ ಬ್ರಹ್ಮನ ದೊಡ್ಡ ಫಲಕ ಅಲ್ಲಿದೆ. ಐಹೊಳೆಯಲ್ಲೇ ಇದ್ದಿದ್ದರೆ ಕತ್ತು ಎತ್ತಿ ನೋಡಬೇಕಿತ್ತು. ಇಲ್ಲಿ ಎದುರಾಎದುರು, ಕಣ್ಣಿನ ಮಟ್ಟದಲ್ಲಿ ಕಾಣುತ್ತದೆ. ಅದು ತನ್ನ ಊರಲ್ಲೇ ಇರಬೇಕಿತ್ತು ಅಂತ ನನಗೆ ಅನ್ನಿಸುತ್ತದೆ, ಆದರೂ ಆ ಕೆತ್ತನೆಯನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ಬಿಡಬೇಡಿ. ಮ್ಯೂಸಿಯಂಗೇ ಎರಡು ಗಂಟೆ ಬೇಕು. ಕೈಯಲ್ಲಿ ಇರುವುದೇ ಮೂರು ಗಂಟೆ ಆದರೆ ಗೇಟ್‌ವೇ ಬಿಡಿ, ಮ್ಯೂಸಿಯಂ ಬಿಡಬೇಡಿ.

ಗೇಟ್‌ವೇ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1911ರಲ್ಲಿ ಐದನೇ ಜಾರ್ಜ್ ಬಂದಿಳಿದ ನೆನಪಿಗೆ ಕಟ್ಟಿದ್ದು, ಮುಗಿದದ್ದು 1924ರಲ್ಲಿ. ಮ್ಯೂಸಿಯಂ ವಿನ್ಯಾಸ ಮಾಡಿದ ಜಾರ್ಜ್ ವಿಟೆಟ್ ಅವರದೇ ಕೆಲಸ. ಸಂಜೆ ವಿಪರೀತ ಜನ. ಫೋಟೋ ತೆಗೆಯುವವರು, ಕೈಗೆ ದಾರ ಕಟ್ಟಲು ಬರುವವರು ಒಬ್ಬರೇ ಇರುವವರನ್ನು ಬೇಗ ಗುರುತಿಸುತ್ತಾರೆ. ಕೈ ಕೊಡದೆ "ನಕೋ" (ಬೇಡ) ಅಂದು ಮುಂದೆ ನಡೆದರೆ ಮುಗಿಯಿತು.

ಊಟಕ್ಕೆ ಫೋರ್ಟ್‌ನಲ್ಲಿ ಚಿಂತೆ ಇಲ್ಲ. ಒಳಗಿನ ಬೀದಿಗಳಲ್ಲಿ ನಮ್ಮ ಕರಾವಳಿಯವರ ಹೋಟೆಲುಗಳು ಇವೆ. ಹಗಲು ಇಂಥ ಹೋಟೆಲುಗಳಲ್ಲಿ ಕೆಲಸ ಮಾಡಿ, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಮೇಲೆ ಬಂದ ತುಳುನಾಡಿನ ಹುಡುಗರ ಕಥೆ ಈ ಬೀದಿಗಳಲ್ಲೇ ನಡೆದದ್ದು. ಬೇರೆ ರುಚಿ ಬೇಕಾದರೆ ಮೆಟ್ರೋ ಸಿನಿಮಾ ಹತ್ತಿರ ಕ್ಯಾನಿ, 1904ರ ಇರಾನಿ ಹೋಟೆಲ್. ಬ್ರುನ್ ಮಸ್ಕಾ, ಅಂದರೆ ಗಟ್ಟಿ ಸಿಪ್ಪೆಯ ಪಾವ್‌ಗೆ ಬೆಣ್ಣೆ ಹಚ್ಚಿದ್ದು, ಅದನ್ನು ಚಹಾದಲ್ಲಿ ಅದ್ದಿ ತಿನ್ನಬೇಕು.

ಎಲಿಫೆಂಟಾ: ಆಸೆ ದೊಡ್ಡದು, ಹೊತ್ತು ಬೇಕು

ಗೇಟ್‌ವೇನಲ್ಲಿ ದೋಣಿ ನೋಡಿದ ತಕ್ಷಣ ಹತ್ತಿಬಿಡೋಣ ಅನ್ನಿಸುತ್ತದೆ. ಮೊದಲು ಲೆಕ್ಕ ಹಾಕಿ. ಹೋಗಲು ಸುಮಾರು ಒಂದು ಗಂಟೆ, ಬರಲು ಒಂದು ಗಂಟೆ, ದೋಣಿ ತುಂಬುವ ತನಕ ಕಾಯುವುದು ಬೇರೆ. ದ್ವೀಪದಲ್ಲಿ ಜೆಟ್ಟಿಯಿಂದ ಗುಹೆಯವರೆಗೆ ನಡಿಗೆ, ನೂರಕ್ಕೂ ಜಾಸ್ತಿ ಮೆಟ್ಟಿಲು. ಐದು ಗಂಟೆಯಲ್ಲಿ ಮಾಡಬಹುದು, ಆದರೆ ಎದೆ ಢವಢವ ಅನ್ನುತ್ತಿರುತ್ತದೆ. ಆರು ಗಂಟೆ ಇದ್ದು, ಬೆಳಗ್ಗೆಯೇ ಹೊರಟರೆ ಮಾತ್ರ ಹೋಗಿ. ಮಧ್ಯಾಹ್ನದ ಮೇಲೆ ಹೋಗುವ ದೋಣಿಗಳು ನಿಂತುಬಿಡುತ್ತವೆ. ಸೋಮವಾರ ಗುಹೆಗಳಿಗೆ ರಜೆ. ಮಳೆಗಾಲದಲ್ಲಿ ಸಮುದ್ರ ಕೆರಳಿದರೆ ದೋಣಿ ಬಿಡುವುದೇ ಇಲ್ಲ.

ಹೊತ್ತು ಇದ್ದವರಿಗೆ ಮಾತ್ರ ಅದು ಮರೆಯದಂಥ ಜಾಗ. ಸುಮಾರು 20 ಅಡಿ ಎತ್ತರದ ಮೂರು ಮುಖದ ಸದಾಶಿವ, ಅರೆಗತ್ತಲೆಯಲ್ಲಿ. ಬಾದಾಮಿ ನೋಡಿದವರಿಗೆ ಇದು ಇನ್ನೂ ಹಿಡಿಸುತ್ತದೆ, ಏಕೆಂದರೆ ಎರಡೂ ಹೆಚ್ಚೂಕಡಿಮೆ ಒಂದೇ ಕಾಲದ ಗುಹೆಗಳು. ಐಹೊಳೆಯ 634ರ ಶಾಸನದಲ್ಲಿ ಇಮ್ಮಡಿ ಪುಲಿಕೇಶಿ ಪಶ್ಚಿಮ ಸಮುದ್ರದ ಪುರಿ ಅನ್ನುವ ಪಟ್ಟಣವನ್ನು ನೂರಾರು ಹಡಗುಗಳಿಂದ ಮುತ್ತಿದ ಅಂತ ಇದೆ. ಆ ಪುರಿ ಇದೇ ದ್ವೀಪ, ಇಲ್ಲಿನವರು ಕರೆಯುವ ಘಾರಾಪುರಿ, ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ. ದೋಣಿಯ ಮೇಲ್ಗಡೆ ನಿಂತು ಆ ಹಡಗುಗಳನ್ನು ನೆನೆಯುತ್ತಾ ಹೋಗುವುದಕ್ಕಾದರೂ ಒಮ್ಮೆ ಹೋಗಬೇಕು. ಮೂರ್ತಿಗಳ ಕೈಕಾಲು ಮುರಿದಿರುವುದು ನೋಡಿ ಸಂಕಟವಾಗುತ್ತದೆ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಫೋರ್ಟಾ ಎಲಿಫೆಂಟಾನಾ ಅಂತ ತೂಗಿದರೆ ಮೊದಲ ಸಲ ಬಂದವರು ಫೋರ್ಟ್ ಆರಿಸಿ. ಫೋರ್ಟ್‌ನಲ್ಲಿ ಯಾವಾಗ ಬೇಕಾದರೂ ಹಿಂದಿರುಗಬಹುದು. ದ್ವೀಪದಲ್ಲಿ ನಿಮ್ಮ ಹೊತ್ತು ದೋಣಿಯವರ ಕೈಯಲ್ಲಿ.

ಮಾಟುಂಗಾ: ಹೊಟ್ಟೆ ಹಸಿದಿದ್ದರೆ, ಕನ್ನಡ ಕೇಳಬೇಕು ಅನ್ನಿಸಿದರೆ

ಸಿಎಸ್‌ಎಂಟಿಯಿಂದ ಸೆಂಟ್ರಲ್ ಲೈನಿನ ಸ್ಲೋ ಲೋಕಲ್ ಹಿಡಿಯಿರಿ. ಫಾಸ್ಟ್ ಹತ್ತಿದರೆ ಮಾಟುಂಗಾ ಬಿಟ್ಟು ಮುಂದೆ ಹೋಗುತ್ತದೆ. ವೆಸ್ಟರ್ನ್ ಲೈನಿನಲ್ಲಿ ಮಾಟುಂಗಾ ರೋಡ್ ಅಂತ ಬೇರೆ ಸ್ಟೇಷನ್ ಇದೆ, ಅದಲ್ಲ. ಅಂದಹಾಗೆ ಪೂರ್ತಿ ಮಹಿಳಾ ಸಿಬ್ಬಂದಿಯೇ ನಡೆಸುವ ಸ್ಟೇಷನ್ ಅಂತ 2017ರಲ್ಲಿ ಹೆಸರಾದದ್ದು ಈ ಮಾಟುಂಗಾ.

ಸ್ಟೇಷನ್‌ನಿಂದ ಪೂರ್ವಕ್ಕೆ ಇಳಿದರೆ ಮಲ್ಲಿಗೆ ಮಾಲೆ, ಬಾಳೆಎಲೆ, ಕರಿಬೇವು, ನಮ್ಮ ಕಡೆಯ ತರಕಾರಿ. ಹತ್ತಿರದಲ್ಲೇ ಮಹಡಿಯ ಮೇಲೆ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರದು. ಬಾಳೆಎಲೆ ಊಟ. ಮಧ್ಯಾಹ್ನ ಎರಡರೊಳಗೆ ತಲುಪಿ, ಆಮೇಲೆ ಬಾಗಿಲು ಹಾಕುವ ಹೊತ್ತು. ಕುಟುಂಬ ಸಮೇತ ಬಂದವರು ಸೀಟಿಗಾಗಿ ಕಾಯುತ್ತಿರುವಾಗ ಒಬ್ಬರಿಗೆ ಒಂದು ಖಾಲಿ ಕುರ್ಚಿ ಬೇಗ ಸಿಗುತ್ತದೆ. ಅಪರಿಚಿತರ ಎದುರು ಕೂತು ಉಣ್ಣಲು ಸಂಕೋಚ ಪಡಬೇಡಿ, ಇಲ್ಲಿ ಅದು ಮಾಮೂಲು. ತಿಂಡಿ ಸಾಕು ಅನ್ನುವವರಿಗೆ ಕಿಂಗ್ಸ್ ಸರ್ಕಲ್ ಕಡೆ ಕೆಫೆ ಮದ್ರಾಸ್ ಮತ್ತು ಕೆಫೆ ಮೈಸೂರ್ ಇವೆ. ಒಂದೇ ತಟ್ಟೆ ತಿಂಡಿಗೆ ಭಾನುವಾರ ಬೆಳಗ್ಗೆ ಮುಕ್ಕಾಲು ಗಂಟೆ ನಿಲ್ಲುವ ಜನ ಇಲ್ಲಿದ್ದಾರೆ. ಸೋಮವಾರ ಬಾಗಿಲು ಹಾಕುವ ಹೋಟೆಲುಗಳೂ ಇಲ್ಲಿವೆ, ಹೊರಡುವ ಮೊದಲು ಫೋನಿನಲ್ಲಿ ನೋಡಿಕೊಳ್ಳಿ.

ಊಟ ಆದ ಮೇಲೆ ಏನು? ನಿಜ ಹೇಳಬೇಕೆಂದರೆ ಮಾಟುಂಗಾದಲ್ಲಿ ನೋಡಲೇಬೇಕು ಅನ್ನುವಂಥ ದೊಡ್ಡ ಕಟ್ಟಡ ಇಲ್ಲ. ಮರಗಳ ನೆರಳಿನ ಹಳೇ ಬೀದಿಗಳು, ಫೈವ್ ಗಾರ್ಡನ್ಸ್ ಅನ್ನುವ ಐದು ಉದ್ಯಾನಗಳು, ಅದೇ ಅದರ ಸೊಗಸು. ಭಾವುದಾಜಿ ರಸ್ತೆಯಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇದೆ. ರೈಲ್ವೆ ಹಳಿಗಳ ಆ ಕಡೆ, ಮಾಟುಂಗಾ ರೋಡ್ ಹತ್ತಿರ, ಕರ್ನಾಟಕ ಸಂಘ. ಅದೃಷ್ಟ ಇದ್ದರೆ ನಾಟಕವೋ ಉಪನ್ಯಾಸವೋ ಯಕ್ಷಗಾನವೋ ಅದೇ ದಿನ ಇರುತ್ತದೆ. ಮುಂಬೈ ಕನ್ನಡಿಗರು ತಮ್ಮ ಭಾಷೆಯನ್ನು ಎಷ್ಟು ಅಕ್ಕರೆಯಿಂದ ಇಟ್ಟುಕೊಂಡಿದ್ದಾರೆ ಅಂತ ಒಂದು ಕಾರ್ಯಕ್ರಮಕ್ಕೆ ಹೋದರೆ ಗೊತ್ತಾಗುತ್ತದೆ, ಮತ್ತೆ ಊರಿಂದ ಬಂದ ಒಬ್ಬರನ್ನು ಅವರು ಸುಮ್ನೆ ಕೂರಲು ಬಿಡುವುದಿಲ್ಲ, ಯಾವ ಊರು, ಯಾರ ಮನೆ, ಊಟ ಆಯಿತಾ ಅಂತ ಶುರು ಮಾಡುತ್ತಾರೆ.

ಕಟ್ಟಡ, ಇತಿಹಾಸ ಬೇಕಾದವರಿಗೆ ಫೋರ್ಟ್. ಒಂಟಿತನ ಕಾಡುತ್ತಿರುವವರಿಗೆ, ದಾದರ್‌ನಿಂದ ರೈಲು ಇರುವವರಿಗೆ ಮಾಟುಂಗಾ.

ಬರೀ ಸಂಜೆ ಸಿಕ್ಕರೆ

ನಾಲ್ಕೂವರೆಗೆ ಕೆಲಸ ಮುಗಿದು ಒಂಬತ್ತೂವರೆಗೆ ಸಿಎಸ್‌ಎಂಟಿಯಿಂದ ರೈಲು ಅನ್ನಿ. ಮ್ಯೂಸಿಯಂ ಮುಚ್ಚುವ ಹೊತ್ತು ಹತ್ತಿರ, ಬಿಟ್ಟುಬಿಡಿ. ಓವಲ್ ದಾಟಿ ಮರೀನ್ ಡ್ರೈವ್‌ಗೆ ನಡೆಯಿರಿ. ಚರ್ಚ್‌ಗೇಟ್‌ನಿಂದ ಐದು ನಿಮಿಷ. ಸೂರ್ಯ ಮುಳುಗುವುದು ಡಿಸೆಂಬರ್‌ನಲ್ಲಿ ಆರರ ಸುಮಾರಿಗೆ, ಜೂನ್‌ನಲ್ಲಿ ಏಳು ದಾಟಿ. ಅದಕ್ಕೆ ಅರ್ಧ ಗಂಟೆ ಮೊದಲು ಕಟ್ಟೆ ಮೇಲೆ ಜಾಗ ಹಿಡಿಯಿರಿ. ಸುಮಾರು 3.6 ಕಿಲೋಮೀಟರ್ ಉದ್ದದ ಕಟ್ಟೆ, ಟಿಕೆಟ್ ಇಲ್ಲ, ಎದ್ದೇಳಿ ಅನ್ನುವವರಿಲ್ಲ. ಒಬ್ಬರೇ ಕೂತವರು ನಿಮ್ಮ ಎಡಕ್ಕೂ ಬಲಕ್ಕೂ ಇರುತ್ತಾರೆ. ದೊಡ್ಡ ಊರಿನಲ್ಲಿ ಒಬ್ಬರೇ ಕೂರಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಕೆಳಗಿನ ಕಾಂಕ್ರೀಟ್ ಬಂಡೆಗಳ ಮೇಲೆ ಮಾತ್ರ ಇಳಿಯಬೇಡಿ, ಜಾರುತ್ತವೆ. ಮಳೆಗಾಲದ ದೊಡ್ಡ ಅಲೆಗಳ ದಿನ ಪೊಲೀಸರು ಹತ್ತಿರ ಬಿಡುವುದಿಲ್ಲ, ಅವರ ಮಾತು ಕೇಳಿ.

ಎರಡನೇ ಸಲ ಬಂದವರಿಗೆ ಇನ್ನೊಂದು ಜೋಡಿ ಹೇಳುತ್ತೇನೆ: ಗಾಮ್‌ದೇವಿಯ ಮಣಿ ಭವನ, ಅಲ್ಲಿಂದ ಟ್ಯಾಕ್ಸಿಯಲ್ಲಿ ವಾಲ್ಕೇಶ್ವರದ ಬಾಣಗಂಗಾ. 1917ರಿಂದ 1934ರವರೆಗೆ ಗಾಂಧೀಜಿ ಮುಂಬೈಗೆ ಬಂದಾಗ ಉಳಿಯುತ್ತಿದ್ದ ಮನೆ ಮಣಿ ಭವನ. ಬಾಣಗಂಗಾ ಎತ್ತರದ ಅಪಾರ್ಟ್‌ಮೆಂಟ್‌ಗಳ ನಡುವೆ ಉಳಿದಿರುವ ಮೆಟ್ಟಿಲುಗಳ ಕೊಳ. ಸುತ್ತ ಗುಡಿಗಳು, ಸಾರಸ್ವತರ ಮಠಗಳು. ಕರಾವಳಿಯವರಿಗೆ ತಮ್ಮ ಊರಿನ ರಥಬೀದಿಯೇ ಇಲ್ಲಿಗೆ ಬಂದ ಹಾಗೆ ಕಾಣಬಹುದು. ಮೂರು ಗಂಟೆ ಸಾಕು.

ಓಡಾಟದ ನಾಲ್ಕು ಮಾತು

ದಕ್ಷಿಣ ಮುಂಬೈನಲ್ಲಿ ಆಟೋ ಇಲ್ಲ. ಹಳದಿ-ಕಪ್ಪು ಟ್ಯಾಕ್ಸಿ ಮೀಟರ್ ಹಾಕಿ ಬರುತ್ತದೆ. ಆಟೋ ಸಿಗುವುದು ಬಾಂದ್ರಾ, ಸಯಾನ್ ದಾಟಿದ ಮೇಲೆ. ನಡೆಯಲು ಆಗದವರು ಸಿಎಸ್‌ಎಂಟಿಯಿಂದ ನರಿಮನ್ ಪಾಯಿಂಟ್‌ನ ಎನ್‌ಸಿಪಿಎ ರಂಗಮಂದಿರದ ಕಡೆ ಹೋಗುವ ಬೆಸ್ಟ್‌ನ (ಊರಿನ ಸಿಟಿ ಬಸ್ ಸಂಸ್ಥೆ) ಎಸಿ ಡಬಲ್ ಡೆಕ್ಕರ್ ಹತ್ತಿ, ಮೇಲಿನ ಮಹಡಿಯ ಮುಂದಿನ ಸೀಟು ಸಿಕ್ಕರೆ ಫೋರ್ಟ್‌ನ ಮುಖ್ಯ ಕಟ್ಟಡಗಳು ಕಿಟಕಿಯಲ್ಲೇ ಬರುತ್ತವೆ. ಭಾನುವಾರ ಲೋಕಲ್ ಹಳಿಗಳ ರಿಪೇರಿಗೆ ಮೆಗಾ ಬ್ಲಾಕ್, ಅಂದರೆ ಕೆಲವು ರೈಲು ನಿಲ್ಲಿಸುವುದು, ಇರುತ್ತದೆ, ಮಾಟುಂಗಾಗೆ ಹೊರಡುವ ಮೊದಲು ವಿಚಾರಿಸಿ. ಫೋರ್ಟ್‌ಗೆ ಭಾನುವಾರವೇ ಚೆನ್ನ: ಅಂಗಡಿ ಮುಚ್ಚಿ ಬೀದಿ ಖಾಲಿ ಇರುವುದರಿಂದ ಕಟ್ಟಡಗಳು ಪೂರ್ತಿ ಕಾಣುತ್ತವೆ.

ಹೆಂಗಸರು ಒಬ್ಬರೇ ಇದ್ದರೆ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲೇ ಹತ್ತಿ, ಅಲ್ಲಿನ ಹೆಂಗಸರು ಯಾವ ಸ್ಟೇಷನ್‌ಗೆ ಯಾವ ಕಡೆ ಇಳಿಯಬೇಕು ಅಂತ ಕೇಳದೆಯೂ ಹೇಳುತ್ತಾರೆ. ಮರೀನ್ ಡ್ರೈವ್‌ನಲ್ಲಿ ರಾತ್ರಿ ತಡವಾಗಿಯೂ ಜನ ಇರುತ್ತಾರೆ. ಫೋರ್ಟ್‌ನ ಒಳಬೀದಿಗಳು ಆಫೀಸು ಬಿಟ್ಟ ಮೇಲೆ ಬಿಕೋ ಅನ್ನುತ್ತವೆ, ಕತ್ತಲಾದ ಮೇಲೆ ಡಿ.ಎನ್. ರೋಡ್‌ನಂಥ ದೊಡ್ಡ ರಸ್ತೆಯಲ್ಲೇ ಸ್ಟೇಷನ್‌ಗೆ ಬನ್ನಿ.

ವಿಮಾನ ಬದಲಿಸುವ ನಡುವೆ ಹೊತ್ತು ಸಿಕ್ಕವರಿಗೂ ಈಗ ಫೋರ್ಟ್ ಕೈಗೆಟುಕುತ್ತದೆ. 2025ರ ಅಕ್ಟೋಬರ್‌ನಲ್ಲಿ ಪೂರ್ತಿಯಾದ ಮೆಟ್ರೋ ಮೂರನೇ ಲೈನ್ ಎರಡೂ ಟರ್ಮಿನಲ್‌ಗಳಿಂದ ನೇರ ಸಿಎಸ್‌ಎಂಟಿ, ಹುತಾತ್ಮ ಚೌಕ, ಚರ್ಚ್‌ಗೇಟ್‌ಗೆ ಬರುತ್ತದೆ. ಹೋಗಿಬರುವ ಹೊತ್ತು, ಚೆಕಿನ್, ಸೆಕ್ಯುರಿಟಿ ಎಲ್ಲ ಕಳೆದರೆ ಆರು ಗಂಟೆಯ ಬಿಡುವಿನಲ್ಲಿ ಎರಡು ಗಂಟೆ ಊರಿಗೆ ಉಳಿಯುತ್ತದೆ. ಓವಲ್ ಮತ್ತು ಕಾಲಾ ಘೋಡಾ ನೋಡಲು ಅಷ್ಟು ಸಾಕು. ಬಿಡುವು ಆರು ಗಂಟೆಗಿಂತ ಕಡಿಮೆ ಇದ್ದರೆ ಏರ್‌ಪೋರ್ಟ್ ಬಿಟ್ಟು ಹೊರಗೆ ಬರಬೇಡಿ.